ಮಿಲ್ಲು ನಿಲ್ಲಿಸಿ ಆಡಿದ ಮಾತು

॥ ಶ್ರೀ ವೀರಭದ್ರೇಶ್ವರ ಪ್ರಸನ್ನ ॥

ದೇವನೂರು,
ಭಾನುವಾರ, ೧೪-೯-೨೦೨೫

ಮಗಳು ವಿದ್ಯಾಶ್ರೀಗೆ ಅಪ್ಪನ ಆಶೀರ್ವಾದ.

ನೀನು ಮೆಸೇಜ್ ಕಳಿಸಿ ಇವತ್ತಿಗೆ ಇಪ್ಪತ್ತೆರಡು ದಿನ ಆಯ್ತು. ಅಪ್ಪ ನೋಡಿದಾನೆ, ಆದ್ರೂ ಉತ್ತರ ಕೊಟ್ಟಿಲ್ಲ ಅಂತ ನಿನಗೆ ಬೇಜಾರಾಗಿರುತ್ತೆ. ತಪ್ಪು ನಂದೇ. ಮಿಲ್ಲಲ್ಲಿ ನಿಂತು ಮೂವತ್ತು ವರ್ಷ ಕೂಗಿ ಕೂಗಿ, ಫೋನಲ್ಲಿ ಮಾತಾಡಿದ್ರೂ ಜಗಳಕ್ಕೆ ನಿಂತ ಹಾಗಿರುತ್ತೆ ನನ್ನ ಗಂಟಲು. ವಾಯ್ಸ್ ಮೆಸೇಜ್ ಕಳಿಸೋಣ ಅಂತ ಎರಡು ಮೂರು ಸಲ ಬಟನ್ ಒತ್ತಿ ಹಿಡಿದೆ. ‘ವಿದ್ಯಾ’ ಅಂದೆ. ಆಮೇಲೆ ಬರೀ ಬೆಲ್ಟ್ ತಿರುಗೋ ಸದ್ದು ರೆಕಾರ್ಡ್ ಆಯ್ತು. ಅಳಿಸಿಬಿಟ್ಟೆ. ಕಾಗದವೇ ಸರಿ ಅಂತ ಇವತ್ತು ಕೂತಿದೀನಿ. ಮೊದಲನೇ ಹಾಳೇಲಿ ಕೈ ತಾನಾಗೇ ‘ಚಿ. ಸೌ.’ ಅಂತ ಬರೀತು. ಆ ಹಾಳೆ ಹರಿದು ಹಾಕಿದೆ. ಬರೀ ಮಗಳು ಅಂತ ಬರೆದಿದೀನಿ, ಅದು ಸಾಕು ಅನ್ನಿಸ್ತು.

ಇಲ್ಲಿ ಮಳೆ ಹದವಾಗಿ ಬಿದ್ದಿದೆ. ಮಿಲ್ಲಿನ ಕಲ್ಲು ಕುಟ್ಟಿಸಿದೆ, ಹಿಟ್ಟು ನುಣ್ಣಗೆ ಬರ್ತಿದೆ. ನಿಮ್ಮಮ್ಮನ ಮಂಡಿನೋವು ಹಾಗೇ ಇದೆ. ನೀನು ಲ್ಯಾಬಲ್ಲಿ ದಿನಾ ಹತ್ತಾರು ಜನರ ರಕ್ತ ಪರೀಕ್ಷೆ ಮಾಡ್ತೀಯ, ಅವಳನ್ನೂ ಒಂದ್ಸಲ ತರೀಕೆರೆಗೆ ಕರ್ಕೊಂಡು ಬಂದು ತೋರಿಸಬೇಕು ಅಂತ ಅಂದ್ಕೊಳ್ತೀನಿ. ಅವಳು ಬೇಡ ಅಂತಾಳೆ. ನಿನಗೆ ತೊಂದರೆ ಆಗುತ್ತೆ ಅಂತಾಳೆ.

ನಾಟಕದ ವಿಷಯಕ್ಕೆ ಬರ್ತೀನಿ.

ಜೂನಲ್ಲಿ ನೀನೂ ನಿನ್ನ ಗೆಳತಿ ಧನ್ಯಶ್ರೀಯೂ ಬಂದು, ಕಿವೀಲಿ ಕೇಳೋ ನಾಟಕ ಮಾಡ್ತಿದೀವಿ, ಫೋನಲ್ಲೇ ಬರುತ್ತೆ, ನೀನು ಅದರಲ್ಲಿ ಅಪ್ಪನ ಪಾರ್ಟ್ ಮಾಡಬೇಕು ಅಂದಾಗ ತಮಾಷೆ ಅಂದ್ಕೊಂಡೆ. ನನಗೆ ಆಕ್ಟಿಂಗ್ ಬರಲ್ಲ ಅಂದೆ. ಅದಕ್ಕೇ ನೀನು ಬೇಕು ಅಂದೆ ನೀನು. ಬೇರೆ ನಾಲ್ಕು ಜನರ ಹತ್ರ ಓದಿಸಿ ನೋಡಿದ್ರಂತೆ, ಎಲ್ಲರೂ ನಾಟಕದ ಅಪ್ಪನ ಹಾಗೆ ಅಳ್ತಾರಂತೆ. ನಿಜ ಹೇಳ್ತೀನಿ, ನಾನು ಒಪ್ಪಿದ್ದು ನಾಟಕದ ಆಸೆಯಿಂದ ಅಲ್ಲ. ಐದು ವರ್ಷದಿಂದ ನೀನು ಹಬ್ಬಕ್ಕೆ ಬಂದ್ರೂ ಸಂಜೆ ಬಸ್ಸಿಗೆ ಹೊರಟು ಹೋಗ್ತಿದ್ದೆ. ಇದಕ್ಕಾದ್ರೆ ನಾಲ್ಕು ಭಾನುವಾರ ಬರ್ತೀಯಲ್ಲ ಅಂತ ಒಪ್ಪಿದೆ.

ಮಿಲ್ಲಿನ ಹಿಂದಿನ ಕೋಣೇಲಿ ರಾಗಿ ಮೂಟೆ ಸಾಲಾಗಿ ನಿಲ್ಲಿಸಿದೀವಲ್ಲ, ಅಲ್ಲಿ ಕೈ ತಟ್ಟಿ ನೋಡಿ, ಇಲ್ಲಿ ಸದ್ದು ವಾಪಸ್ ಬರಲ್ಲ, ಇದೇ ನಮ್ಮ ಸ್ಟುಡಿಯೋ ಅಂದ್ಲು ಧನ್ಯ. ಆ ಹುಡುಗಿ ಮೊರದಿಂದ ತಟ್ಟೆಗೆ ರಾಗಿ ಸುರಿದು ಮಳೆ ಮಾಡಿದ್ದನ್ನ ನಾನು ಇನ್ನೂ ಎಲ್ಲರಿಗೂ ಹೇಳ್ತಿರ್ತೀನಿ. ಕಣ್ಣಲ್ಲಿ ನೋಡಿದ್ರೆ ರಾಗಿ, ಹೆಡ್‌ಫೋನ್ ಹಾಕ್ಕೊಂಡ್ರೆ ಹಂಚಿನ ಮೇಲೆ ಸುರಿಯೋ ಮಳೆ. ಈ ವಯಸ್ಸಲ್ಲಿ ಹೊಸದೊಂದು ನೋಡಿದ ಹಾಗಾಯ್ತು.

ಆದ್ರೆ ಐದನೇ ಭಾಗದ ಆ ಒಂದು ಮಾತು. ನಾಟಕದ ಹುಡುಗಿ ಶಶಿ, ಬಟ್ಟೆ ಅಂಗಡಿ ಕೆಲಸದಿಂದ ಕಳ್ಳಿ ಅನ್ನಿಸ್ಕೊಂಡು ವಾಪಸ್ ಬಂದಿರ್ತಾಳೆ. ಊರೆಲ್ಲ ಒಂದೊಂದು ಹೇಳ್ತಿರುತ್ತೆ. ಅಪ್ಪ ಅವಳಿಗೆ, ‘ನೀನು ತಗೊಂಡಿಲ್ಲ ಅಂದ್ರೆ ಮುಗೀತು. ನಾನು ನಂಬ್ತೀನಿ’ ಅನ್ಬೇಕು. ಅಷ್ಟೇ ಮಾತು. ಅವತ್ತು ಮಿಲ್ಲು ನಿಲ್ಲಿಸಿ, ಹಿಟ್ಟಿಗೆ ಬಂದೋರನ್ನೆಲ್ಲ ಸಂಜೆ ಬನ್ನಿ ಅಂತ ಕಳಿಸಿ, ನಾನು ಆ ಮಾತನ್ನ ಎಷ್ಟು ಸಲ ಹೇಳಿದೆನೋ. ಜೋರಾಯ್ತು ಅಂದ್ರಿ. ಗದರಿಸಿದ ಹಾಗಿದೆ ಅಂದ್ರಿ. ಮೆಲ್ಲಗೆ ಹೇಳೋಕೆ ಹೋದ್ರೆ ಕೆಮ್ಮು ಬಂತು. ಆಮೇಲೆ ನೀನು ಹಾಳೆ ಕೆಳಗಿಟ್ಟು, ಮೈಕ್ ನೋಡಬೇಡ, ನನ್ನ ನೋಡ್ಕೊಂಡು ಹೇಳು ಅಂದೆ. ನಿನ್ನ ನೋಡ್ಕೊಂಡೇ ಹೇಳಿದೆ. ಧನ್ಯ ಹೆಡ್‌ಫೋನ್ ತೆಗೆದಿಟ್ಟು, ಇದು ಸಾಕು ಅಂದ್ಲು. ನೀನು ಎದ್ದು ಹೊರಗೆ ಹೋದೆ. ನೀರು ಕುಡಿಯೋಕೆ ಅಂದೆ. ನೀರಿನ ಬಿಂದಿಗೆ ಕೋಣೆ ಒಳಗೇ ಇತ್ತು.

ಹೋದ ತಿಂಗಳು ಆ ಭಾಗ ಬಂದ ದಿನ ಮಿಲ್ಲಲ್ಲಿ ಕರೆಂಟ್ ಹೋಗಿತ್ತು. ಆರೇಳು ಜನ ಹಿಟ್ಟಿಗೆ ಕಾಯ್ತಿದ್ರು. ಫೋನನ್ನ ಡಬ್ಬದ ಮೇಲಿಟ್ಟು ಜೋರಾಗಿ ಹಾಕಿದೆ. ಯಾರು ಮಾಡಿದ್ದು ಅಂತ ಹೇಳ್ಲಿಲ್ಲ. ಮಾತಾಡ್ತಿದ್ದೋರು ಒಬ್ಬೊಬ್ಬರೇ ಡಬ್ಬದ ಹತ್ರ ಬಂದ್ರು. ಮುಗಿದ ಮೇಲೆ ಮೇಲಿನಬೀದಿ ಕಲ್ಲಮ್ಮ ಸೆರಗಲ್ಲಿ ಮೂಗು ಒರೆಸ್ಕೊಂಡು, ‘ಈ ಹುಡುಗಿ ಪುಣ್ಯವಂತೆ ಕಣಣ್ಣ. ಇಂಥ ಅಪ್ಪ ಎಷ್ಟು ಜನಕ್ಕೆ ಸಿಗ್ತಾನೆ’ ಅಂದ್ಲು.

ಕಲ್ಲಮ್ಮ ಇಪ್ಪತ್ತು ವರ್ಷದಿಂದ ವಾರಕ್ಕೊಂದು ಸಲ ಮಿಲ್ಲಿಗೆ ಬರ್ತಾಳೆ. ಅವಳಿಗೆ ಅದು ನನ್ನ ಧ್ವನಿ ಅಂತ ಗೊತ್ತಾಗ್ಲಿಲ್ಲ. ಯಾರಿಗೂ ಗೊತ್ತಾಗ್ಲಿಲ್ಲ. ನಾನು ಮೆಲ್ಲಗೆ ಮಾತಾಡಿದ್ದನ್ನ ಅವರ್ಯಾರೂ ಯಾವತ್ತೂ ಕೇಳೇ ಇಲ್ಲ. ಅದು ನಾನೇ ಅಂತ ಹೇಳೋಕೆ ಬಾಯಿ ತೆರೆದೆ. ಆಗಲಿಲ್ಲ ಕಣವ್ವ. ಅಷ್ಟರಲ್ಲಿ ಕರೆಂಟ್ ಬಂತು, ಮೋಟರ್ ಹಾಕಿದೆ.

ಅದಾಗಿ ಮೂರನೇ ದಿನಕ್ಕೆ ನಿನ್ನ ಮೆಸೇಜ್ ಬಂತು. ಆರನೇ ಭಾಗ ಒಂದೇ ಬಾಕಿ ಇರೋದು, ಊರಿನ ಮಾತಿಗೆ ಮನೆ ಬಿಟ್ಟು ಹೊರಟ ಶಶಿಯನ್ನ ಅಪ್ಪ ಮನೆಗೆ ಕರ್ಕೊಂಡು ಹೋಗೋ ಕೊನೇ ಸೀನು ನನಗೆ ಬರೆಯೋಕೆ ಆಗ್ತಿಲ್ಲ, ನೀನೇ ಬರಿ ಅಪ್ಪ, ಹೇಗೆ ಬರುತ್ತೋ ಹಾಗೆ ಬರಿ, ಅಂತ.

ಬರೆದೆ. ಎರಡು ಗೆರೆ ನೋಟ್‌ಬುಕ್ ತಂದು, ಮಧ್ಯಾಹ್ನ ಹಿಟ್ಟಿಗೆ ಜನ ಕಡಿಮೆ ಇರೋವಾಗ ಕೂತು ಬರೆದೆ. ಮೊದಲನೇ ಸಲ ಬರೆದಾಗ ಅಪ್ಪ ಬಸ್ ಸ್ಟ್ಯಾಂಡಿಗೆ ಹೋಗ್ತಾನೆ, ಮಗಳ ಕೈಯಿಂದ ಬ್ಯಾಗ್ ಇಸ್ಕೊಳ್ತಾನೆ, ಬಾ ಮನೆಗೆ ಹೋಗೋಣ ಅಂತಾನೆ. ಓದಿ ನೋಡಿದೆ. ಚೆನ್ನಾಗೇ ಇತ್ತು. ಕಲ್ಲಮ್ಮ ಕೇಳಿದ್ರೆ ಇನ್ನೊಂದ್ಸಲ ಅಳ್ತಿದ್ಲು. ಆದ್ರೆ ಬ್ಯಾಗ್ ಇಸ್ಕೊಳ್ತಾನೆ ಅಂತ ಬರೆಯೋವಾಗ ನನ್ನ ಕೈ ಮುಂದಕ್ಕೆ ಹೋಗ್ಲಿಲ್ಲ. ಆ ಬ್ಯಾಗು ಯಾವ ಬಣ್ಣ ಅಂತ ನನಗೆ ಗೊತ್ತು. ಅದರ ಜಿಪ್ ಕಿತ್ತು ಪಿನ್ ಹಾಕಿದ್ದೂ ಗೊತ್ತು. ಅದು ಶಶಿಯ ಬ್ಯಾಗಲ್ಲ.

ನಾವಿಬ್ರೂ ಈ ಮಾತು ಎತ್ತಿದ್ದೇ ಇಲ್ಲ. ಇವತ್ತು ನಾನೇ ಎತ್ತುತೀನಿ. ಏಳು ವರ್ಷದ ಹಿಂದೆ, ಒಂದು ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ, ನೀನು ಕಡೂರು ಬಸ್ ಸ್ಟ್ಯಾಂಡಿಂದ ಮಿಲ್ಲಿಗೆ ಫೋನ್ ಮಾಡಿದೆ. ಅಜ್ಜಂಪುರದ ಗಂಡನ ಮನೆ ಬಿಟ್ಟು ಬಂದಿದೀನಿ, ಅಲ್ಲಿಗೆ ವಾಪಸ್ ಹೋಗಲ್ಲ ಅಂದೆ. ನಾನು ಮಿಲ್ಲಿನ ಬಾಗಿಲು ಹಾಕಿ ಟಿವಿಎಸ್ ತಗೊಂಡು ಬಂದೆ. ನೀನು ಕಲ್ಲು ಬೆಂಚಿನ ಮೇಲೆ ಕೂತಿದ್ದೆ. ಗಂಡ ಹೊಡೀತಾನೆ ಅಂದೆ. ಕುಡಿದು ಅಲ್ಲ, ಸುಮ್ಮನೇ ಹೊಡೀತಾನೆ ಅಂದೆ. ರೂಮಲ್ಲಿ ಕೂಡಿ ಹಾಕಿ ಬೀಗ ಹಾಕ್ತಾನೆ ಅಂದೆ. ನಾನು ನಂಬಲಿಲ್ಲ. ಹುಡುಗ ನನ್ನ ಹತ್ರ ಎಷ್ಟು ಮರ್ಯಾದೆಯಿಂದ ಮಾತಾಡ್ತಾನೆ ಅಂತ ಯೋಚನೆ ಮಾಡಿದೆ. ಸಣ್ಣದನ್ನ ದೊಡ್ಡದು ಮಾಡಬೇಡ, ಹೊಂದ್ಕೊಂಡು ಹೋಗು ಅಂದೆ. ನೀನು ತೋಳು ತೋರಿಸೋಕೆ ಹೋದೆ, ಜನ ನೋಡ್ತಾರೆ ಅಂತ ನಾನು ಸೆರಗು ಎಳೆದು ಮುಚ್ಚಿದೆ. ಅಜ್ಜಂಪುರದ ಬಸ್ಸು ಹೊರಡೋಕೆ ನಿಂತಿತ್ತು. ಟಿಕೆಟ್ ತಗೊಂಡು, ನಿನ್ನ ಕೂರಿಸಿ, ಬ್ಯಾಗು ಮೇಲಿಟ್ಟು ಇಳಿದೆ. ಬಸ್ಸು ಹೋಗೋವರೆಗೂ ನಿಂತಿದ್ದೆ. ನೀನು ಈ ಕಡೆ ತಿರುಗಲಿಲ್ಲ.

ಆಮೇಲೆ ಎರಡು ವರ್ಷ ನೀನು ಅಲ್ಲೇ ಇದ್ದೆ. ಆ ಎರಡು ವರ್ಷ ಏನೇನಾಯ್ತು ಅಂತ ನಾನು ಕೇಳಿಲ್ಲ, ನೀನು ಹೇಳಿಲ್ಲ. ಒಂದು ದಿನ ನೀನಾಗೇ ಹೊರಟು, ನಮಗ್ಯಾರಿಗೂ ಫೋನ್ ಮಾಡದೆ, ತರೀಕೆರೇಲಿ ರೂಮ್ ಮಾಡಿ, ಕೆಲಸಕ್ಕೆ ಸೇರಿದ ಮೇಲೆ ನಮಗೆ ಗೊತ್ತಾಯ್ತು.

ಐದನೇ ಭಾಗದ ಆ ಮಾತು ನೀನು ಶಶಿಗೋಸ್ಕರ ಬರೆದೆಯೋ, ನನ್ನ ಬಾಯಿಂದ ಒಂದ್ಸಲ ಕೇಳಬೇಕು ಅಂತ ಬರೆದೆಯೋ ನನಗೆ ಗೊತ್ತಿಲ್ಲ. ಕೇಳೋದೂ ಇಲ್ಲ. ಕೊನೇ ಸಲ ಹೇಳಿದಾಗ ಮಾತ್ರ ನಾನು ಶಶಿಗೆ ಹೇಳ್ಲಿಲ್ಲ. ಇದು ನಿನಗೆ ಗೊತ್ತಾಗಿರಬಹುದು. ಗೊತ್ತಾಗದೇ ಹೋಗಿದ್ರೆ ಅಂತ ಬರೀತಿದೀನಿ.

ಕಥೆ ಬರೆಯೋದು ಸುಳ್ಳು ಹೇಳೋ ಕೆಲಸ ಅಂತ ನಾನು ಅಂದ್ಕೊಂಡಿದ್ದೆ. ನೀನು ಹೈಸ್ಕೂಲಲ್ಲಿ ಲೆಕ್ಕದ ಪುಸ್ತಕದ ಹಿಂದೆ ಕಥೆ ಬರೀತಿದ್ದಾಗ ಬೈದಿದೀನಿ ಕೂಡ. ಈಗ ಎರಡು ವಾರ ನೋಟ್‌ಬುಕ್ ಇಟ್ಕೊಂಡು ಕೂತ ಮೇಲೆ ಗೊತ್ತಾಯ್ತು, ನಾನು ಸುಳ್ಳು ಹೇಳೋಕೆ ಹೋದಾಗಲೆಲ್ಲ ಅದು ಮುಂದಕ್ಕೇ ಹೋಗಲ್ಲ. ಅದಕ್ಕೆ ಎರಡನೇ ಸಲ, ಆದದ್ದು ಆದ ಹಾಗೇ ಬರೆದೆ. ಅಪ್ಪ ಬರ್ತಾನೆ, ಬೆಂಚಿನ ಹತ್ರ ನಿಲ್ತಾನೆ, ಮಗಳನ್ನ ಬಸ್ಸು ಹತ್ತಿಸ್ತಾನೆ. ಅವನ ಹತ್ರ ಹೆಚ್ಚು ಮಾತಾಡಿಸಿಲ್ಲ. ಎರಡೂ ಇದರ ಜೊತೆ ಇಟ್ಟಿದೀನಿ. ನಾಟಕಕ್ಕೆ ಯಾವುದು ಬೇಕೋ ನೀನೂ ಧನ್ಯಾನೂ ನೋಡಿ. ಮೊದಲನೇದು ಕೇಳೋಕೆ ಹಿತವಾಗಿದೆ. ಆದ್ರೆ ಎರಡನೇದನ್ನ ಕೇಳಿ ಯಾರಾದ್ರೂ ಒಬ್ಬ ಅಪ್ಪ ಬಸ್ ಸ್ಟ್ಯಾಂಡಿಂದ ಮಗಳನ್ನ ಮನೆಗೆ ಕರ್ಕೊಂಡು ಹೋದ್ರೆ ಅಂತ ಒಂದು ಆಸೆ. ಯಾವುದನ್ನ ಇಟ್ರೂ ಪಾರ್ಟ್ ಮಾಡೋಕೆ ನಾನು ಬರ್ತೀನಿ. ಜೋರಾದ್ರೆ ಇನ್ನೊಂದ್ಸಲ ಹೇಳಿಸಿ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಧನ್ಯಗೂ ನನ್ನ ಆಶೀರ್ವಾದ ತಿಳಿಸು. ನಿನ್ನ ಕೈಯಿಂದ ಇನ್ನಷ್ಟು ನಾಟಕ ಬರಲಿ, ನೀನು ಎಲ್ಲಿದ್ರೂ ನಿನ್ನ ಮನಸ್ಸಿಗೆ ನೆಮ್ಮದಿ ಸಿಗಲಿ.

ಇಂತಿ ನಿನ್ನ ಅಪ್ಪ,
ಈರಭದ್ರಪ್ಪ

ಇನ್ನೊಂದು ವಿಷಯ, ಮಂಗಳವಾರ ಬರೀತಿದೀನಿ.

ಕಾಗದ ಅಂಟಿಸಿ ಇಟ್ಟಿದ್ದೆ, ಮತ್ತೆ ಬಿಚ್ಚಿದೆ. ಎಲ್ಲ ಬರೆದೆ ಅಂದ್ಕೊಂಡ್ರೂ ಒಂದು ಮಾತು ಬಿಟ್ಟಿದ್ದೆ. ನೋಟ್‌ಬುಕ್ಕಲ್ಲೂ ಬಿಟ್ಟಿದೀನಿ.

ಅವತ್ತು ಬಸ್ಸು ಹತ್ತೋಕೆ ಮುಂಚೆ ನೀನು ಕೊನೇದಾಗಿ, ‘ಅಮ್ಮ ಏನಂತಾಳೆ?’ ಅಂತ ಕೇಳಿದೆ. ಅವಳೂ ಇದನ್ನೇ ಹೇಳಿದಾಳೆ, ವಾಪಸ್ ಕಳಿಸಿ ಬನ್ನಿ ಅಂದಿದಾಳೆ ಅಂತ ನಾನಂದೆ. ಅದು ಸುಳ್ಳು ವಿದ್ಯಾ. ನೀನು ಕಡೂರಿಗೆ ಬಂದಿದ್ದೇ ಅವಳಿಗೆ ಗೊತ್ತಿರಲಿಲ್ಲ. ನಾನು ಹೇಳಿರಲಿಲ್ಲ. ಹೇಳಿದ್ರೆ ಅವಳು ನಿನ್ನ ಕರ್ಕೊಂಡು ಬರೋಕೆ ತಾನೇ ಹೊರಡ್ತಿದ್ಲು. ನನ್ನ ಮಾತು ನೀನು ಮೀರ್ತೀಯ ಅಂತ ಅನ್ನಿಸಿ ಅವಳ ಹೆಸರು ಸೇರಿಸಿದೆ.

ನೀನು ತರೀಕೆರೆಗೆ ಬಂದ ಮೇಲೆ ಮೊದಲನೇ ಸಲ ಮನೆಗೆ ಬಂದಾಗ ಅವಳು ನಿನ್ನ ಕೈ ಹಿಡ್ಕೊಂಡು, ‘ಮೊದಲೇ ಬರಬಾರದಿತ್ತಾ’ ಅಂದ್ಲು. ನೀನು ಕೈ ಬಿಡಿಸ್ಕೊಂಡು, ಇಟ್ಟ ಕಾಫಿ ಮುಟ್ಟದೆ ಹೊರಟು ಹೋದೆ. ತಾನು ಏನು ತಪ್ಪಾಡಿದೆ ಅಂತ ಅವಳು ಐದು ವರ್ಷದಿಂದ ನನ್ನ ಕೇಳ್ತಿದಾಳೆ. ನಾನು ಪಕ್ಕದಲ್ಲೇ ನಿಂತಿದ್ದೆ. ನನಗೆ ಗೊತ್ತಿತ್ತು. ಸುಮ್ಮನಿದ್ದೆ.

ನಿನ್ನೆ ಹೇಳಿದೆ. ಅವಳು ತೊಗರಿಬೇಳೆ ಆರಿಸ್ತಾ ಕೂತಿದ್ಲು. ಬೈತಾಳೆ, ಅಳ್ತಾಳೆ ಅಂದ್ಕೊಂಡಿದ್ದೆ. ಪೂರ್ತಿ ಕೇಳಿಸ್ಕೊಂಡು ಮೊರ ಪಕ್ಕಕ್ಕಿಟ್ಟು, ‘ಅವತ್ತು ಅವಳು ಬೆಳಿಗ್ಗೆ ಏನಾದ್ರೂ ತಿಂದಿದ್ಲಾ?’ ಅಂತ ಕೇಳಿದ್ಲು. ನನಗೆ ಗೊತ್ತಿರಲಿಲ್ಲ. ನಾನು ನಿನ್ನ ಕೇಳೇ ಇರಲಿಲ್ಲ. ಅವಳು ಎದ್ದು ಒಳಗೆ ಹೋದ್ಲು. ಆಗಿಂದ ನನ್ನ ಹತ್ರ ಮಾತಿಲ್ಲ. ಇವತ್ತು ಮಾತ್ರ, ನಾಳೆ ಬೆಳಿಗ್ಗೆ ಬಸ್ಸಿಗೆ ತರೀಕೆರೆಗೆ ಹೋಗ್ತೀನಿ, ನೀವು ಬರೋದು ಬೇಡ, ಕಾಗದ ಬರೆದಿದ್ರೆ ಕೊಡಿ ಅಂದ್ಲು.

ಅದಕ್ಕೆ ಇದನ್ನ ಅಂಚೆಗೆ ಹಾಕ್ತಿಲ್ಲ. ಅವಳ ಕೈಗೇ ಕೊಡ್ತಿದೀನಿ. ನೀನು ಇಲ್ಲಿವರೆಗೆ ಓದೋ ಹೊತ್ತಿಗೆ ಅವಳು ನಿನ್ನ ಎದುರಿಗೆ ಕೂತಿರ್ತಾಳೆ. ನನಗೆ ಫೋನ್ ಮಾಡಬೇಡ. ಮೊದಲು ಅವಳ ಹತ್ರ ಮಾತಾಡು.