ಕೆಂಪು ಚುಕ್ಕಿಯ ಮನೆಗೆ ಹೆಸರು ತುಂಬಬೇಡಿ

ಮಾರ್ಚ್ ೪೭, ಇಸವಿ ೨೧೯೧
ಗುಂಡ್ಲಕೊಪ್ಪ, ಕೆಳಗಿನ ಬೀದಿ

ಕಮಿಷನ್ ತಿಂದಿಲ್ಲ ಕಣ್ರೀ. ತಿನ್ನೋಕೆ ನಾನಿನ್ನೂ ಹುಟ್ಟೇ ಇಲ್ಲ. ಸಾಫ್ಟ್‌ವೇರ್ ಊರಿನ ಹುಡುಗನ ಕೈಲಿ ನಮಗೆ ಬೇಕಾದಂಗೆ ಬರೆಸೋಣ ಅಂತ ಬಾಯಿ ಬಿಟ್ಟೋರನ್ನೆಲ್ಲ "ಆ ಹುಡುಗನ ಹತ್ರ ಎಷ್ಟು ತಗೊಂಡೆ?" ಅಂತ ಕೇಳಿದೋರು ನೀವು. ನನ್ನೂ ಅದನ್ನೇ ಕೇಳ್ತೀರಿ ಅಂತ ಗೊತ್ತು. ಕೇಳ್ಕೊಳ್ಳಿ. ನಾನು ಚಿಕ್ಕೀರ, ನಿಮ್ಮಿಂದ ಆರೇಳು ತಲೆ ಆಚೆಯೋನು, ಐದನೇ ಕ್ಲಾಸಿಗೇ ಸ್ಕೂಲು ಬಿಟ್ಟೋನು. ಹಿಂದಿನ ಕಾಲದೋರಿಗೆ ಬರೆಯೋರು "ನನ್ನ ಮಾತು ವಿಚಿತ್ರವಾಗಿ ಕಂಡ್ರೆ ಕ್ಷಮಿಸಿ" ಅಂತ ಶುರು ಮಾಡ್ಬೇಕಂತೆ. ನಾನು ಮಾಡಲ್ಲ. ವಿಚಿತ್ರ ಮಾಡಿದ್ದು ನೀವು, ಕ್ಷಮೆ ನಾನ್ಯಾಕೆ ಕೇಳ್ಲಿ?

ನೀವು ಅಂದ್ರೆ ಗುಂಡ್ಲಕೊಪ್ಪ ನೆರವು ನಿಧಿಯ ಕಮಿಟಿಯೋರು. ಅಧ್ಯಕ್ಷರು ವಿಶಾಲಾಕ್ಷಮ್ಮೋರು, ಖಜಾಂಚಿ ಮುದ್ದರಂಗಯ್ಯನೋರು, ಮಿಕ್ಕೋರು. ಊರಿನ ಕೆಲಸಗಳಿಗೆ ಅನುದಾನ ಕೊಡೋರು. ಇವತ್ತು ನೀವೆಲ್ಲ ಕೂತ್ಕೊಂಡು ಆ ಅರ್ಜಿಗಳನ್ನ ನೋಡ್ಕೊಳ್ಳೋಕೆ ಯಾವ ಸಾಫ್ಟ್‌ವೇರ್ ತಗೊಳ್ಳೋಣ ಅಂತ ಮಾತಾಡ್ತಾ ಇದ್ದೀರಿ. ಒಂದು ರೆಡಿಮೇಡು, ನಾಳೆಯಿಂದಲೇ ಓಡುತ್ತೆ. ಇನ್ನೊಂದು ನಮ್ಮೂರ ಹುಡುಗನೊಬ್ಬ ಬರ್ಕೊಡ್ತೀನಿ ಅಂದವ್ನೆ, ತಡ ಆಗುತ್ತೆ, ದುಡ್ಡೂ ಜಾಸ್ತಿ. ಕಂಪನಿಯೋನು ರೆಡಿಮೇಡನ್ನ ತೋರಿಸೋಕೆ ಬಂದವ್ನೆ, ಗೋಡೆ ಮೇಲೆ ಪ್ರೊಜೆಕ್ಟರ್ ಬೆಳಕು ಬಿದ್ದೈತೆ. ಆ ಸಾಫ್ಟ್‌ವೇರು ಇವತ್ತಿಗೂ ಓಡ್ತಾ ಐತೆ ಕಣ್ರಪ್ಪ. ನಾವು ಅದನ್ನ ಬರೀ "ಯಂತ್ರ" ಅಂತೀವಿ. ಅದರೊಳಗೆ ಹಳೇ ಅರ್ಜಿಗೆ ಹಿಂದಿನ ತಾರೀಕು ಹಾಕಿ ಕಾಗದ ಸೇರಿಸೋಕೆ ದಾರಿ ಐತೆ. ಯಾವ ತಾರೀಕು ಹಾಕ್ತೀವೋ ಆ ದಿನಕ್ಕೇ ಹೋಗಿ ಕಾಣುತ್ತೆ. ನಾವದಕ್ಕೆ ಬಾಲ ಕಟ್ಟೋದು ಅಂತೀವಿ. ನೀವಿವತ್ತು ಪರೀಕ್ಷೆಗೆ ಅಂತ ತುಂಬ್ತಿರೋ ಮೊದಲನೇ ಅರ್ಜಿಗೇ ಈ ಬಾಲ ಕಟ್ತಾ ಇದೀನಿ. ಗೋಡೆ ಮೇಲೆ ಕಾಣ್ತಿರಬೇಕು. ಜೋರಾಗಿ ಓದಿ, ಹಿಂದೆ ಕೂತೋರಿಗೂ ಕೇಳ್ಲಿ.

ತಾರೀಕು ನೋಡಿ ನಗ್ತಿದ್ದೀರೇನೋ. ಇಲ್ಲಿ ಮಾರ್ಚ್ ಮುಗಿಯೋದೇ ಇಲ್ಲ. ಕೊಟ್ಟ ಅನುದಾನಕ್ಕೆಲ್ಲ ವರದಿ ಬಂದು, ಮೇಲಿನೋರು ಹೆಬ್ಬೆಟ್ಟು ಒತ್ತೋ ತನಕ ಯಂತ್ರ ವರ್ಷ ತಿರುಗಿಸಲ್ಲ. ಯುಗಾದಿ ಆಗೋದು ಆಮೇಲೆ. ನಾನು ಚಿಕ್ಕೋನಿದ್ದಾಗ ಒಂದ್ಸಲ ಮಾವಿನ ಹಣ್ಣೆಲ್ಲ ಉದುರಿ ಕೊಳೆತು, ಮಳೆ ಹಿಡಿದ ಮೇಲೆ ಯುಗಾದಿ ಮಾಡಿದ್ವಿ. ಬೇವಿನ ಹೂ ಎಲ್ಲಿಂದ ತರೋದು? ಎಲೇನೇ ಬೆಲ್ಲದ ಜೊತೆ ಅರೆದು ಕೊಟ್ಲು ಅಜ್ಜಿ. ನೀರನ್ನ ನಮ್ಮಲ್ಲಿ ಕೊಡದ ಲೆಕ್ಕದಲ್ಲಿ, ಬಿಂದಿಗೆ ಲೆಕ್ಕದಲ್ಲಿ ಅಳೆಯಲ್ಲ. ಒಪ್ಪಿಗೆ ಅಂತೀವಿ. ಒಂದ್ಸಲ ಹೆಬ್ಬೆಟ್ಟು ಒತ್ತಿದ್ರೆ ಎಷ್ಟು ನೀರು ಬಿಡ್ತಾರೋ ಅಷ್ಟಕ್ಕೆ ಒಂದು ಒಪ್ಪಿಗೆ. ಬಾಣಂತಿ ಇರೋ ಮನೆಗೆ ಎರಡು. ಬೋರ್‌ವೆಲ್ ನೀರು ಬೇಕಾದಷ್ಟು ಬರುತ್ತೆ, ಆದ್ರೆ ಅದನ್ನ ಕುಡಿದ್ರೆ ಹಲ್ಲು ಕಂದಾಗಿ ಮೂಳೆ ಸೊಟ್ಟ ಆಗುತ್ತೆ. ಅದು ನಿಮ್ಮ ಕಾಲದಲ್ಲೂ ಇದ್ದಿದ್ದೇ. ಅದಕ್ಕೇ ತಾನೇ ನೀವು ನಮ್ಮ ಬೀದಿಗೆ ಶುದ್ಧ ನೀರಿನ ಘಟಕ ಕೊಟ್ಟಿದ್ದು?

ಆ ಘಟಕ ಕಟ್ಟಿದ್ದು ಮುಯ್ಯಾಳುಗಳು. ಇವತ್ತು ನಿನ್ನ ಕೆಲಸಕ್ಕೆ ನಾವು, ನಾಳೆ ನಮ್ಮ ಕೆಲಸಕ್ಕೆ ನೀನು. ಮುಯ್ಯಿಗೆ ಯಜಮಾನ ಇರಲ್ಲ, ರಿಜಿಸ್ಟ್ರೇಷನ್ ಇರಲ್ಲ, ಹೋದ ಸಲ ಬಂದೋರು ಈ ಸಲ ಇರಲ್ಲ. ನಿಧಿಯೋರು ಬಂದು, ಕೆಲಸ ನೋಡಿ, ಎಲ್ಲರೆದುರಿಗೆ ದುಡ್ಡು ಕೊಟ್ಟು ಹೋಗ್ತಿದ್ರು. ಚೆನ್ನಾಗೇ ನಡೀತಿತ್ತು. ಈ ರೆಡಿಮೇಡು ಬಂತು ನೋಡಿ, ಅದರ ಅರ್ಜಿ ಫಾರಮ್ಮಲ್ಲಿ ಕೆಂಪು ಚುಕ್ಕಿ ಹಾಕಿರೋ ಮನೆ ಒಂದೈತೆ: ಮುಖ್ಯಸ್ಥರ ಹೆಸರು. ಅದನ್ನ ತುಂಬದೇ ಇದ್ರೆ ಮುಂದಕ್ಕೇ ಹೋಗಲ್ಲ. "ಮುಯ್ಯಿಗೆ ಮುಖ್ಯಸ್ಥ ಯಾರಪ್ಪ?" ಅಂತ ನಿಮ್ಮ ಇವತ್ತಿನ ಮೀಟಿಂಗಲ್ಲೇ ವಿಶಾಲಾಕ್ಷಮ್ಮೋರು ಕೇಳಿದ್ರಂತೆ. "ಯಾರದಾದ್ರೂ ಒಂದು ಹೆಸರು ಹಾಕಿ ಮೇಡಂ, ಫಾರ್ಮಾಲಿಟಿ ಅಷ್ಟೇ" ಅಂದ್ನಂತೆ ಕಂಪನಿಯೋನು. ಆಗ ಮುದ್ದರಂಗಯ್ಯನೋರೇ, ನೀವು ಬಾಯಿ ತುಂಬ ಕೋಡುಬಳೆ ಇಟ್ಕೊಂಡು, "ಸದ್ಯಕ್ಕೆ ನಂದೇ ಹಾಕ್ರಯ್ಯ, ಆಮೇಲೆ ತೆಗೆದ್ರಾಯ್ತು" ಅಂದ್ರಂತೆ. ಎಲ್ಲ ನಕ್ಕರಂತೆ. ಆಮೇಲೆ ಎಲ್ಲ ಮುಯ್ಯಿಗೂ ಅದೇ ಹೆಸರು. ಘಟಕಕ್ಕೆ, ಬಾವಿಗೆ, ರಾಗಿ ಮಿಲ್ಲಿಗೆ, ಬಟ್ಟೆ ಒಗೆಯೋ ಕಟ್ಟೆಗೆ. ತೆಗೆಯೋಕೆ ಯಾರಿಗೂ ನೆನಪಾಗಲಿಲ್ಲ.

ನಿಮ್ಮ ಮೇಲೆ ನನಗೆ ದ್ವೇಷ ಇಲ್ಲ ಮುದ್ದರಂಗಯ್ಯನೋರೇ. ಒಳ್ಳೇ ಮನುಷ್ಯ ಅಂತಾನೇ ಕೇಳಿದೀನಿ. ಆದ್ರೆ ನೀವು ಸತ್ತ ಮೇಲೆ ಯಂತ್ರ ವಾರಸುದಾರರನ್ನ ಕೇಳ್ತು. ನಿಮ್ಮ ಮಗ ಹೆಬ್ಬೆಟ್ಟು ಕೊಟ್ಟ. ಅವನಾದ ಮೇಲೆ ಅವನ ಮಗ. ಮುಯ್ಯಿಯೋರು ಕೋರ್ಟಿಗೆ ಹೋದ್ರೆ "ನಿಮ್ಮ ಹೆಸರು ಎಲ್ಲೈತೆ?" ಅಂದ್ರು ಜಡ್ಜು. ಎಲ್ಲೂ ಇರಲಿಲ್ಲ. ಈಗ ನಿಮ್ಮ ವಂಶದೋರಿಗೆ ಹೆಬ್ಬೆಟ್ಟಿನೋರು ಅಂತ ಹೆಸರು. ನಿಮ್ಮ ಕಾಲದಲ್ಲಿ ಓದು ಬರಹ ಬಾರದೋರಿಗೆ ಹಂಗಂತಿದ್ರಂತೆ. ಈಗ ಹಂಗಂದ್ರೆ ದೊರೆ. ಅವರ ಮನೆ ಮುಂದೆ ಹೋಗೋವಾಗ ಚಪ್ಪಲಿ ಕೈಯಲ್ಲಿ ಹಿಡ್ಕೋಬೇಕು. ಸ್ಕೂಲಿಗೆ ಸೇರಿಸೋಕೂ ಅವರು ಒತ್ತಬೇಕು. ನನಗೆ ಒತ್ತಲಿಲ್ಲ. "ಕೆಳಗಿನ ಬೀದಿಯೋನಿಗೆ ಆರನೇ ಕ್ಲಾಸು ಯಾಕೋ, ಲೆಕ್ಕ ಕೇಳೋಕಾ?" ಅಂದ ಆಗಿನ ದೊರೆ.

ಈಗಿರೋನು ಕಿರಿ ಮುದ್ದರಂಗ. ಘಟಕದ ಫಿಲ್ಟರು ಹಾಳಾಗಿ ನೀರು ಮತ್ತೆ ಹಳೇ ರುಚಿಗೆ ತಿರುಗೈತೆ. ಹೊಸ ಫಿಲ್ಟರಿಗೆ ಅನುದಾನ ಬಂದು ಕೂತೈತೆ. ಅವನು ಒತ್ತಬೇಕು, ಒತ್ತಲ್ಲ ಅಂತಾನೆ. ಒತ್ತಬೇಕು ಅಂದ್ರೆ ನಮ್ಮ ಅಕ್ಕ ಲಕ್ಕಿ ಅವನ ಮನೆಗೆ ಕೆಲಸಕ್ಕೆ ಹೋಗಬೇಕಂತೆ. ಇರೋ ತನಕ ಅಲ್ಲೇ ಇರಬೇಕಂತೆ, ವಾಪಸ್ ಬರೋ ಮಾತಿಲ್ಲ. ಅವಳ ಮಗು ಇನ್ನೂ ಹಾಲು ಕುಡಿಯೋದು. ಅದನ್ನ ಇಲ್ಲೇ ಬಿಡಬೇಕಂತೆ. ಬೀದಿಯೋರೆಲ್ಲ ಬಂದು ಜಗಲಿ ಮೇಲೆ ಕೂತ್ಕೊಂಡು "ನಮ್ಮ ಮಕ್ಕಳ ಕಾಲು ನೋಡವ್ವ" ಅಂದ್ರು. ಅಕ್ಕ ನೋಡಿದ್ಲು. ಹೂಂ ಅಂದ್ಲು. ನಾನು ಬೈದೆ. "ನಿನ್ನ ಬಾಯಿಂದ ನೀರು ಬರುತ್ತೇನೋ? ಬಂದ್ರೆ ಹೇಳು, ಕೊಡ ಇಡ್ತೀನಿ" ಅಂದ್ಲು. ಅವಳು ಹಂಗೇ, ಅಳೋ ಹೊತ್ತಲ್ಲೂ ತಮಾಷೆ ಮಾಡೋಳು.

ಹಂಗಂತ ಸಾಫ್ಟ್‌ವೇರ್ ನೀವೇ ಬರೆಸಿದ್ರೆ ಸ್ವರ್ಗ ಅಂತ ಹೇಳ್ತಿಲ್ಲ. ಪಕ್ಕದ ತೊರೆಹೊಸೂರಿನೋರು ಬರೆಸಿದ್ರು. ಅವರ ಮುಯ್ಯಿ, ಅವರ ಕುಲದ ರೂಢಿ, ಎಲ್ಲ ಅವರಿಗೆ ಹೊಂದೋ ಹಂಗೆ ಬರ್ಕೊಟ್ಟ ಒಬ್ಬ. ಚೆಂದಾಗಿತ್ತಂತೆ. ಅವನು ಹೋದ ಮೇಲೆ ಅದನ್ನ ಬಿಚ್ಚಿ ನೋಡೋಕೆ ಒಬ್ಬರಿಗೂ ಬರಲಿಲ್ಲ. ಒಂದಿನ ನಿಂತೋಯ್ತು. ಹಣವೆಲ್ಲ ಒಳಗೇ. ಈಗ ಆ ಊರಲ್ಲಿ ನರಪಿಳ್ಳೆ ಇಲ್ಲ, ಬೀದಿ ತುಂಬ ಜಾಲಿ ಬೆಳ್ದೈತೆ. ರಾತ್ರಿ ಆ ಕಡೆಯಿಂದ ನಾಯಿ ಕೂಗಿದ್ದೂ ಕೇಳಲ್ಲ. ಅದಕ್ಕೇ ಹೇಳ್ತಿರೋದು, ಬರೆಸೋದಾದ್ರೆ ಊರಲ್ಲಿ ನಾಲ್ಕು ಜನ ಅದನ್ನ ಕಲೀಲಿ, ಅವರು ಇನ್ನು ನಾಲ್ಕು ಜನಕ್ಕೆ ಕಲಿಸ್ಲಿ. ರೆಡಿಮೇಡೇ ಬೇಕು ಅಂದ್ರೆ, ಮುಖ್ಯಸ್ಥ ಇಲ್ಲದೋರಿಗೂ ಅದರಲ್ಲಿ ಜಾಗ ಮಾಡ್ಕೊಡು ಅಂತ ಆ ಕಂಪನಿಯೋನ ಹತ್ರ ಬರೆಸ್ಕೊಳ್ಳಿ. ಆಗಲ್ಲ ಅಂದ್ರೆ ಪ್ರೊಜೆಕ್ಟರ್ ಎತ್ಕೊಂಡು ಹೋಗು ಅನ್ನಿ. ಎರಡರಲ್ಲಿ ಯಾವುದಾದ್ರೂ ತಗೊಳ್ಳಿ, ಇಲ್ಲದ ಯಜಮಾನನನ್ನ ಮಾತ್ರ ಇದ್ದಾನೆ ಅಂತ ಬರೀಬೇಡಿ. ನಿಮಗದು ಒಂದು ಹೆಸರು ಅಷ್ಟೇ. ಯಂತ್ರಕ್ಕೆ ತಮಾಷೆ ಗೊತ್ತಿಲ್ಲ.

"ಎಲ್ಲೋ ಮುಂದೆ ಆಗೋದಕ್ಕೆ ಈಗ್ಯಾಕೆ ತಲೆ ಕೆಡಿಸ್ಕೊಳ್ಳೋದು, ಊಟಕ್ಕೆ ಹೊತ್ತಾಯ್ತು" ಅಂತ ಒಬ್ಬರು ಅಂತೀರಿ. ಅನ್ನಿ, ಅನ್ನಿ. ಆ ಊಟಕ್ಕೆ ಹೊತ್ತಾಗಿದ್ದಕ್ಕೇ ನಮ್ಮಕ್ಕ ಮಗೂನ ಅಜ್ಜಿ ಮಡಿಲಿಗೆ ಹಾಕಿ, ಸೀರೆ ಗಂಟು ಕಟ್ಕೊಂಡು ಅಂಗಳದಲ್ಲಿ ನಿಂತವ್ಳೆ. ಅವಳನ್ನ ಕರ್ಕೊಂಡೋಗಿ ಒಪ್ಪಿಸೋನು ಮನೆಯ ಗಂಡಸೇ ಆಗಿರಬೇಕಂತೆ. ಅದಕ್ಕೂ ಒಂದು ಕೆಂಪು ಚುಕ್ಕಿಯ ಮನೆ ಐತೆ. ನಮ್ಮನೇಲಿ ಗಂಡಸು ಅಂತ ಇರೋನು ನಾನೊಬ್ಬನೇ. ಒಪ್ಪಿಸೋರ ಹೆಸರು ಚಿಕ್ಕೀರ ಅಂತ ಅವರೇ ತುಂಬಿಬಿಟ್ಟವ್ರೆ.

ಅಕ್ಕ ಹೊರಡೋಣ ಬಾ ಅಂತ ಕೂಗ್ತಾವ್ಳೆ. ಮಗು ಎದ್ದೈತೆ. "ಬಾಗಿಲು ಮೆಲ್ಲಗೆ ಹಾಕ್ಕೊಳೋ, ಹೆದರ್ಕೊಳ್ಳುತ್ತೆ" ಅಂತಾಳೆ ಅಜ್ಜಿ. ಮೆಲ್ಲಗೆ ಹಾಕಲ್ಲ. ಊರು ಅದುರೋ ಹಂಗೆ ಬಡಿದು ಅವಳ ಜೊತೆ ಹೋಗ್ತೀನಿ. ನಿಮ್ಮ ಮೀಟಿಂಗಿಗೂ ಕೇಳ್ಲಿ.