ಬಾಯಿಪಾಠ ಬಾರದವರು

ತೆರಕಣಾಂಬಿ
೧೮-೧-೨೦೨೫

ಪ್ರೀತಿಯ ತಮ್ಮ ಶಿವಮೂರ್ತಿಗೆ,

ಅಕ್ಕ ಸುಧಾಮಣಿಯ ತುಂಬು ಮನಸ್ಸಿನ ಆಶೀರ್ವಾದ. ದಸರೆಗೆ ಬಂದ ನಿನ್ನ ಕಾಗದಕ್ಕೆ ಸಂಕ್ರಾಂತಿ ಕಳೆದ ಮೇಲೆ ಉತ್ತರ ಬರೆಯುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡ. ಅರಿಸಿನ ಕೀಳುವ ಕೆಲಸ ನಡೆದಿದೆ, ಕೈಗೆ ಬಿಡುವಿಲ್ಲ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಕಿವಿಗೆ ಬಿದ್ದದ್ದು ನಿನ್ನಲ್ಲಿ ನಿಲ್ಲುವುದಿಲ್ಲ, ಕಣ್ಣಿಗೆ ಬಿದ್ದದ್ದು ಅಳಿಸುವುದಿಲ್ಲ. ಅದಕ್ಕೇ ಈ ಕಾಗದ.

ಸುದ್ದಿ ನಿನ್ನ ಸೋದರಳಿಯ ಶಶಿಕುಮಾರನದು. ಈಗ ನಾಲ್ಕನೆಯ ತರಗತಿ. ಹೋದ ತಿಂಗಳು ಅವನ ಮೇಷ್ಟ್ರು ಚಂದ್ರಕುಮಾರ್ ನನ್ನನ್ನು ಕರೆಸಿದರು. "ಹುಡುಗ ಒಳ್ಳೆಯೋನೇ ಕಣಮ್ಮ. ಮಗ್ಗಿ ಮಾತ್ರ ಎಷ್ಟು ಹೇಳ್ಕೊಟ್ರೂ ನಿಲ್ಲಲ್ಲ. ಏನ್ ಮಾಡದು ಅಂತ ಗೊತ್ತಾಯ್ತಿಲ್ಲ" ಎಂದರು. ಬೈಯಲಿಲ್ಲ, ಪಾಪ. ನನಗೆ ಅಲ್ಲೇ ನಿನ್ನ ನೆನಪಾಯಿತು. ಚಿಕ್ಕಂದಿನಲ್ಲಿ ನೀನು ಪಾಠ ಓದುವುದನ್ನು ಅಡುಗೆಮನೆಯಿಂದ ಕೇಳಿಸಿಕೊಂಡೇ ನಾನು ಒಪ್ಪಿಸಿಬಿಡುತ್ತಿದ್ದೆ. ನೀನು ಅಪ್ಪನೆದುರು ಬಾಯಿ ಕಟ್ಟಿದವನಂತೆ ನಿಲ್ಲುತ್ತಿದ್ದೆ. ಆಮೇಲೊಂದು ದಿನ ಇದ್ದಿಲು ಹಿಡಿದು ಹಿತ್ತಲ ಗೋಡೆಯ ಮೇಲೆ ಕಾವೇರಿ, ಕಪಿಲೆ, ಸುವರ್ಣಾವತಿ ಎಲ್ಲ ನದಿಗಳನ್ನೂ ಎಳೆದು ಅಪ್ಪನನ್ನೇ ಸುಮ್ಮನಾಗಿಸಿದೆ.

ಆ ಸಂಜೆ ಜಗುಲಿಯ ಮೇಲೆ ಸಣ್ಣ ಈರುಳ್ಳಿ ಸುರಿದುಕೊಂಡು ಏಳೇಳರ ಸಾಲು ಜೋಡಿಸಿದೆ. ಶಶಿ ನೋಡುತ್ತ ಕುಳಿತ. ಸ್ವಲ್ಪ ಹೊತ್ತಾದ ಮೇಲೆ ಕಣ್ಣು ಮುಚ್ಚಿ, "ಎಲ್ಡ್ ಸಾಲು ಹದಿನಾಕು. ಮೂರ್ ಸಾಲು ಇಪ್ಪತ್ತೊಂದು. ಕಾಣ್ತಾ ಅದೆ ಕಣವ್ವ" ಎಂದ. ಬಾಗಿಲಲ್ಲಿ ನಿಂತಿದ್ದ ನಮ್ಮ ಮಾವ ದೊಡ್ಡಯ್ಯನವರು, "ಸೋದರಮಾವನ ತಲೆನೇ ಬಂದದೆ ಬುಡು" ಎಂದು ನಕ್ಕರು. ಮೇಷ್ಟ್ರಿಗೆ ಹೇಳಿದೆ. ಮರುವಾರ ತರಗತಿಗೆಲ್ಲ ಹುಣಸೆಬೀಜ ತರಿಸಿದರಂತೆ.

ಗುಂಡ್ಲುಪೇಟೆಯ ಬಸ್ಸು ಬಂದು ನಿಂತ ಸದ್ದಾದಾಗಲೆಲ್ಲ, ಇಳಿಯುವವರ ನಡುವೆ ನಿನ್ನ ಕೆಮ್ಮು ಕೇಳೀತೇನೋ ಎಂದು ನನ್ನ ಕಿವಿ ಅತ್ತ ಹೋಗುತ್ತದೆ. ನೀನಿರುವ ಯಾದಗಿರಿ ದೂರವೇ, ಒಪ್ಪುತ್ತೇನೆ. ಆದರೂ ನಿನ್ನಂಥ ಚಿತ್ರ ಕಲಿಸುವ ಮೇಷ್ಟ್ರಿಗೆ ಬೇಸಿಗೆ ರಜೆಯಂತೂ ಇದ್ದೇ ಇರುತ್ತದೆ. ಐದು ವರ್ಷದಿಂದ ರಜೆಗೊಂದು ನೆಪ ಹೇಳುತ್ತಿದ್ದೀಯೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಮಾದಪ್ಪ ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನ ದಾರಿ ಕಾಯುವ ಅಕ್ಕ,
ಸುಧಾಮಣಿ

ತಾ.ಕ.: ಶಿವೂ, ಇಷ್ಟೆಲ್ಲ ಬರೆದದ್ದು ಇದನ್ನು ಕೇಳಲಿಕ್ಕೆ. ನನ್ನ ಹಿರಿಮಗಳು ಸ್ಪಂದನಾ ಜ್ವರ ಬಂದು ತೀರಿಹೋದಾಗ ಶಶಿ ತೀರಾ ಚಿಕ್ಕವನು. ಮೊನ್ನೆ, "ಅಕ್ಕ ಹೆಂಗಿದ್ಲವ್ವ?" ಎಂದು ಕೇಳಿದ. ಅವಳ ದನಿ ನನ್ನ ಕಿವಿಯಲ್ಲೇ ಇದೆ. ಅವಳು ಮಾತಾಡುತ್ತಿದ್ದ ಹಾಗೇ ಮಾತಾಡಿ ತೋರಿಸಿದೆ. "ನೀನ್ ಹೇಳದು ನಂಗೆ ಕಾಣಕಿಲ್ಲ" ಎಂದುಬಿಟ್ಟ. ಫೋನಿನಲ್ಲಿದ್ದ ಚಿತ್ರಗಳು ಆ ಫೋನು ಕೆಟ್ಟಾಗಲೇ ಹೋದವು. ಉಳಿದಿರುವುದು ಶಾಲೆಯ ಒಂದು ಫೋಟೊ, ಅದರಲ್ಲಿ ತುಟಿ ಬಿಗಿದುಕೊಂಡಿದ್ದಾಳೆ. ನೀನು ಯಾಕೆ ಬರುವುದಿಲ್ಲವೆಂದು ನನಗೆ ಗೊತ್ತು. ನಮ್ಮ ಮನೆಗೆ ಬಂದರೆ ಅವಳು ಎಲ್ಲೆಲ್ಲೂ ನಿನ್ನ ಕಣ್ಣಿಗೆ ಕಾಣುತ್ತಾಳೆ. ಬರಲಾಗದಿದ್ದರೆ ಬೇಡ, ಕಂಡ ಹಾಗೆ ಅವಳ ಚಿತ್ರ ಬರೆದು ಕಳಿಸು. ನಗುವಾಗ ಕಾಣುತ್ತಿದ್ದ ಆ ಬಿದ್ದ ಹಲ್ಲಿನ ಸಂದು ಎಡಗಡೆಯದೋ ಬಲಗಡೆಯದೋ, ನನಗೆ ನೆನಪಾಗುತ್ತಿಲ್ಲ.