ಇಪ್ಪತ್ತೆರಡು ತಿಂಗಳ ರೈ

ಮಾರ್ಚ್ 3, ಸೋಮವಾರ. ಬೆಳಿಗ್ಗೆ 10

ನಾಲ್ಕನೇ ಪೀಪಾಯಿಯಿಂದ ವಿಸ್ಕಿ ತೆಗೆದೆ. ಅಂಗೈಗೆ ನಾಲ್ಕು ಹನಿ, ಉಜ್ಜಿ ಮೂಸಿದೆ. ಕರಿಮೆಣಸು. ಆಗತಾನೇ ಕತ್ತರಿಸಿದ ಹುಲ್ಲು. ಹಿಂದೆಯೇ ಬ್ರೆಡ್ಡಿನ ಸುಟ್ಟ ಅಂಚು. ನಾಲಿಗೆಗೆ ಬಿಟ್ಟರೆ ಮೊದಲು ಚುರ್ ಅನ್ನುತ್ತದೆ, ಆಮೇಲೆ ಸಿಹಿ. ಗಂಟಲಲ್ಲಿ ಸ್ವಲ್ಪ ಒರಟು... ಇರಲಿ. ಇಪ್ಪತ್ತೆರಡು ತಿಂಗಳ ಕೂಸು, ಇಷ್ಟೂ ತುಂಟತನ ಬೇಡವೇ?

ಹನ್ನೊಂದು ವರ್ಷ ಇಲ್ಲಿ ಬೇರೆಯವರು ಮಾಡಿದ ವಿಸ್ಕಿ ಬೆರೆಸಿದ್ದೇ ಬಂತು. ಈ ರೈ ಧಾನ್ಯದ ವಿಸ್ಕಿ ಮಾತ್ರ ನನ್ನದು. ಧಾನ್ಯ ಆರಿಸಿದ್ದು, ಹುದುಗು ಬರಿಸಿದ್ದು, ಪೀಪಾಯಿಯ ಒಳಮೈ ಸುಡಿಸಿದ್ದು — ಎಲ್ಲ ನಾನೇ. ಗುರುವಾರ ಪರೀಕ್ಷೆ. ಐದು ಜನ, ತಲಾ ನಾಲ್ಕು ವಿಸ್ಕಿ, ನಂಬರ್ ಮಾತ್ರ ಇರುವ ಗ್ಲಾಸು, ಹತ್ತಕ್ಕೆ ಅಂಕ. ಸರಾಸರಿ ಏಳು ಬಂದರೆ ಸ್ವಂತ ಲೇಬಲ್, ಎಲ್ಲರ ಕೈಗೆಟಕುವ ಬೆಲೆ. ಬರದಿದ್ದರೆ ಹನ್ನೆರಡು ಪೀಪಾಯಿಯೂ ದೊಡ್ಡ ಟ್ಯಾಂಕಿಗೆ. ಬೆರಕೆಯಲ್ಲಿ ಗೋವಿಂದ.

ಪರೀಕ್ಷೆಯಲ್ಲಿ ಮಾಡಿದವರು ಅಂಕ ಹಾಕುವಂತಿಲ್ಲ, ಗ್ಲಾಸು ಮೂಸುವಂತೆಯೂ ಇಲ್ಲ. ಗ್ಲಾಸು ತೊಳೆದು ಸುರಿದು ಕೊಡುವುದಷ್ಟೇ ಅವರ ಪಾಲು. ಇಲ್ಲಿನ ನಿಯಮ.

ಮಾರ್ಚ್ 5, ಬುಧವಾರ. ಸಂಜೆ

ಕಾರ್ಖಾನೆಯ ಯಜಮಾನಿ ಕರೆದು ಕೇಳಿದರು, "ಎರಡು ವರ್ಷ ತುಂಬದೇ ಇರೋದನ್ನ ಮಾರಿದ್ರೆ ಜನ ನಗಲ್ವೇನಮ್ಮ?"

"ನಗಲಿ ಮೇಡಂ. ನಕ್ಕೊಂಡೇ ಇನ್ನೊಂದು ಬಾಟ್ಲಿ ತಗೋತಾರೆ."

ಪಕ್ಕದಲ್ಲಿ ದೊಡ್ಡಮೂಗು. ನಮ್ಮ ಹಿರಿಯ ರುಚಿಗಾರರು. ಅಡ್ಡಹೆಸರು ಅವರಿಗೂ ಗೊತ್ತು, ಹೆಮ್ಮೆ ಬೇರೆ. "ಹಸಿ ಹಸಿ ಇರತ್ತೆ ನಿಂದು. ಆಯ್ತು, ನೋಡೋಣ" ಅಂದರು. ಮೈಯೆಲ್ಲ ಉರಿಯಿತು. ಕುಡಿಯುವ ಮೊದಲೇ ತೀರ್ಪು!

ಗ್ಲಾಸು ತೊಳೆಯುವ ಪುಡಿ ಖಾಲಿ. ಸ್ಟೋರಿನವನು ಶುಕ್ರವಾರ ಬರುತ್ತದೆ ಅಂದ. ನನ್ನ ಪರೀಕ್ಷೆ ನಾಳೆ ಕಣೋ, ಶುಕ್ರವಾರ ಯಾರಿಗೆ ಬೇಕು? ಮನೆಗೆ ಓಡಿ ಸಿಂಕಿನ ಪಕ್ಕದ ಸೋಪು ತಂದು ಇಪ್ಪತ್ತು ಗ್ಲಾಸೂ ಫಳಫಳ ಮಾಡಿಟ್ಟೆ.

ಮಾರ್ಚ್ 6, ಗುರುವಾರ. ಮಧ್ಯಾಹ್ನ 1

ಏಳು ಪಾಯಿಂಟ್ ಎಂಟು!!

ದೊಡ್ಡಮೂಗು ಎಂಟೂವರೆ ಕೊಟ್ಟಿದ್ದಾರೆ. "ಮೆಣಸಿನ ಖಾರ, ಮೇಲೆ ನಿಂಬೆ ಸಿಪ್ಪೆಯ ತಾಜಾತನ" ಎಂದು ಬರೆದಿದ್ದಾರೆ. ಉಳಿದವರದ್ದೂ ಅದೇ — ನಿಂಬೆ, ನಿಂಬೆ. ನಮ್ಮ ಹನ್ನೆರಡು ವರ್ಷದ ದುಬಾರಿ ವಿಸ್ಕಿಗೆ ಬರೀ ಆರು, "ಏನೋ ಹುಳಿ ಹುಳಿ" ಅಂತ. ಪಾಪ.

ನಿಂಬೆ ನನಗೆಂದೂ ಸಿಕ್ಕಿರಲಿಲ್ಲ. ಹೋಗಲಿ, ದೊಡ್ಡ ಮೂಗಿಗೆ ಸಿಕ್ಕಿತಲ್ಲ. ಕುಣಿಯಬೇಕು ಅನ್ನಿಸುತ್ತಿದೆ.

ಸಂಜೆ 6

ಕುಣಿದೂ ಆಯಿತು. ಅತ್ತೆ ಕೈ ಹಿಡಿದು ಒಂದು ಸುತ್ತು ಸುತ್ತಿ, "ಗೆದ್ರೇನಂತೆ, ಪಾತ್ರೆ ತೊಳೆಯೋ ಸರದಿ ಇವತ್ತು ನಿಂದೇ" ಅಂದರು. ಹಾಡಿಕೊಂಡೇ ಸಿಂಕಿಗೆ ಹೋದೆ. ಲೋಟ ತೊಳೆದು ಬೆಳಕಿಗೆ ಎತ್ತಿದೆ. ಅಭ್ಯಾಸಬಲ, ಮೂಸಿದೆ.

ನಿಂಬೆ ಸಿಪ್ಪೆಯ ತಾಜಾತನ.

ನಗು ಬಂತು. ನಿಲ್ಲಲೇ ಇಲ್ಲ. ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

"ಏನಾಯ್ತೇ? ತಲೆಗಿಲೆ ಕೆಟ್ಟಿತಾ?"

ಹೇಳಿದೆ. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು, "ಅಂದ್ರೆ ಗೆದ್ದಿದ್ದು ನನ್ನ ಸೋಪು!" ಅಂದರು. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಆಮೇಲೆ ಎದ್ದು ನಲ್ಲಿ ನಿಲ್ಲಿಸಿದೆ.

ಹೇಳಿದರೆ ಮತ್ತೆ ಪರೀಕ್ಷೆ. ಆರೂವರೆ ಬಂದರೆ ಟ್ಯಾಂಕೇ ಗತಿ. ಸುಮ್ಮನಿದ್ದರೆ ಯಾರಿಗೂ ತಿಳಿಯದು... ಆದರೆ ಇಷ್ಟು ದಿನ ಪೀಪಾಯಿ ಮುಂದೆ ಕಾದಿದ್ದು ನಾನು, ಹೊಗಳಿಸಿಕೊಂಡಿದ್ದು ಸೋಪು! ನನ್ನ ಮೆಣಸು, ನನ್ನ ಹುಲ್ಲು, ನನ್ನ ಬ್ರೆಡ್ಡು ಏನಾಯಿತು? ಸೋಲುವುದಾದರೂ ಅದೇ ಸೋಲಲಿ. ಸಿಟ್ಟು ಬರುತ್ತಿದೆ, ಭಯವೂ.

ಮಾರ್ಚ್ 10, ಸೋಮವಾರ

ಮೂರು ದಿನ ಬರೆಯಲು ಮನಸ್ಸೇ ಬರಲಿಲ್ಲ. ಶುಕ್ರವಾರ ಬೆಳಿಗ್ಗೆಯೇ ಹೇಳಿಬಿಟ್ಟಿದ್ದೆ. ಯಜಮಾನಿ ಬಿದ್ದು ಬಿದ್ದು ನಕ್ಕರು. ದೊಡ್ಡಮೂಗು ನಗಲಿಲ್ಲ. ಕಿವಿ ಕೆಂಪಗಾಗಿತ್ತು.

"ಮೂವತ್ತು ವರ್ಷದಲ್ಲಿ ಸೋಪಿಗೆ ಎಂಟೂವರೆ ಕೊಟ್ಟಿದ್ದು ಇದೇ ಮೊದ್ಲು."

"ತಪ್ಪು ನಂದು ಸಾರ್."

"ತಪ್ಪು ನಿಂದೇ. ಮೂಗು ನಂದಲ್ವಾ?" ಮೂಗು ಉಜ್ಜಿಕೊಂಡು, "ಮಂಗಳವಾರ ಮತ್ತೆ ಇಟ್ಕೊಳ್ಳೋಣ. ಗ್ಲಾಸು ನಾನೇ ತೊಳೀತೀನಿ. ಬರೀ ಬಿಸಿನೀರಲ್ಲಿ" ಎಂದರು.

ಮಾರ್ಚ್ 11, ಮಂಗಳವಾರ. 11:40

ಪರೀಕ್ಷೆ ಕೋಣೆಯ ಮೂಲೆಯಿಂದಲೇ ಬರೆಯುತ್ತಿದ್ದೇನೆ. ಕೈ ಸುಮ್ಮನಿದ್ದರೆ ಉಗುರೆಲ್ಲ ಖಾಲಿಯಾಗುತ್ತದೆ.

ನಾಲ್ಕು ಚೀಟಿ ಬಂದಿವೆ. ನನ್ನದು ಈ ಸಲ ಮೂರನೇ ಗ್ಲಾಸು. ಏಳು, ಏಳು, ಆರೂವರೆ, ಏಳು. ಒಬ್ಬರು "ಹೊಸ ಹುಲ್ಲು" ಎಂದು ಬರೆದಿದ್ದಾರೆ. ಹುಲ್ಲು! ಅಬ್ಬಾ, ಸಿಕ್ಕಿತು. ಆದರೆ ಇನ್ನು ಏಳೂವರೆ ಬೇಕೇ ಬೇಕು. ಉಳಿದಿರುವುದು ದೊಡ್ಡಮೂಗು ಒಬ್ಬರೇ.

ಎರಡನೆಯದನ್ನು ಬಕೆಟ್ಟಿಗೆ ಉಗುಳಿದರು. ಇಲ್ಲಿ ಎಲ್ಲರೂ ಉಗುಳುವವರೇ, ನುಂಗುತ್ತ ಕೂತರೆ ಊಟದ ಹೊತ್ತಿಗೆ ನೆಟ್ಟಗೆ ನಿಲ್ಲುವವರಿರುವುದಿಲ್ಲ. ಇವರಂತೂ ಮೂವತ್ತು ವರ್ಷದಲ್ಲಿ ಕೆಲಸದ ವೇಳೆ ಒಂದು ಹನಿ ಗಂಟಲಿಗೆ ಇಳಿಸಿದವರಲ್ಲ.

ಮೂರನೆಯದು ತೆಗೆದುಕೊಂಡರು. ಮೂಸಿದರು. ಮತ್ತೆ ಮೂಸಿದರು. ಬಾಯಿಗೆ ಹಾಕಿ ಹೊರಳಿಸುತ್ತಿದ್ದಾರೆ. ಹುಬ್ಬು ಗಂಟಿಕ್ಕಿದೆ. ಹಸಿ ಅಂತಾರೆ, ಅಂದೇ ಅಂತಾರೆ...

ಬಕೆಟ್ಟು ಎಳೆದುಕೊಂಡರು. ಬಗ್ಗಿದರು.

ನೆಟ್ಟಗಾದರು. ಕಣ್ಣು ಮುಚ್ಚಿದರು. ಅಯ್ಯೋ — ನುಂಗಿದರು! ಯಜಮಾನಿಯೂ ಬಾಯಿ ಬಿಟ್ಟು ನೋಡುತ್ತಿದ್ದಾರೆ!

ಪೆನ್ಸಿಲ್ ತೆಗೆದುಕೊಂಡರು. ಇಲ್ಲಿಂದ ತಲೆಕೆಳಗಾಗಿ ಕಾಣುತ್ತದೆ, ಆದರೂ ಓದಬಲ್ಲೆ. ಎಂಟು. ಎಂಟು! ಗ್ಲಾಸು ನನ್ನ ಕಡೆ ತಳ್ಳಿ, "ಇದೇ, ಮೂರನೇದು. ಇನ್ನೊಂಚೂರು ಹಾಕಮ್ಮ" ಅಂತಿದ್ದಾರೆ — ಬಂದೆ ಸಾರ್, ಬಂದೆ, ಬಾಟಲಿ ಎಲ್ಲಿ